ಯುವ ವಿಜ್ಞಾನಿಗೆ ಶಾಲಿನ ಜೊತೆ ಒಂದು ವರ್ಷದ ಬೆಂಬಲವೂ ಸಲ್ಲಲಿ

ಎಲ್ಲರಿಗೂ ನಮಸ್ಕಾರ.

ಹೊರದೇಶದಲ್ಲಿರುವ ನಮ್ಮ ಸಂಘ ಈ ರಾಜ್ಯೋತ್ಸವಕ್ಕೆ ಹಾಸನ–ಚಿಕ್ಕಮಗಳೂರು ಕಡೆಯ ಯುವ ವಿಜ್ಞಾನಿಯೊಬ್ಬರನ್ನು ಗೌರವಿಸಬೇಕೆಂಬ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಸಂಶೋಧನಾ ಪ್ರಬಂಧಗಳನ್ನು ಎಣಿಸಿ ಆರಿಸುವುದು ಬೇಡ. ಅದಕ್ಕೆ ಸರ್ಕಾರದ್ದೇ ಪ್ರಶಸ್ತಿಗಳಿವೆ. ಊರಿನ ಸರ್ಕಾರಿ ಶಾಲೆಯ ಮಕ್ಕಳ ಜೊತೆ ವರ್ಷಗಟ್ಟಲೆ ಕೂತು ಕಲಿಸಿದವರನ್ನು ಕೇಳುವವರು ಕಡಿಮೆ. ನಾವು ಹುಡುಕಬೇಕಾದದ್ದು ಅವರನ್ನು. ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಎರಡನೇ ವರ್ಷವೂ ಬಂದರಾ? ಮಕ್ಕಳ ಕೈಬರಹದ ದಾಖಲೆ ಪುಸ್ತಕ ಇದೆಯಾ? ಒಂದು ದಿನದ ಕಾರ್ಯಕ್ರಮದ ಫೋಟೋಗಳಿಂದ ಇದು ಗೊತ್ತಾಗುವುದಿಲ್ಲ.

ಶಾಲು, ಹಾರ ಇರಲಿ. ಅದರ ಜೊತೆಗೆ ಅವರ ಒಂದು ಕೆಲಸಕ್ಕೆ ವರ್ಷವಿಡೀ ಹೆಗಲು ಕೊಡೋಣ. ನನ್ನ ಸಲಹೆ ಮಳೆ ಅಳೆಯುವುದು. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದವರು ಇವತ್ತಿಗೂ ಇಂಚು, ಸೆಂಟುಗಳಲ್ಲಿ ಮಳೆ ಲೆಕ್ಕ ಹೇಳುತ್ತಾರೆ (100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ.). ಒಂದೇ ಜಿಲ್ಲೆಯಲ್ಲಿ ಸಕಲೇಶಪುರ ನೆನೆಯುತ್ತಿರುವಾಗ ಅರಸೀಕೆರೆ ಒಣಗಿರುತ್ತದೆ. ಕೊಪ್ಪ, ಕಡೂರುಗಳದ್ದೂ ಅದೇ ಕಥೆ. ಎರಡೂ ಕಡೆಯ ಒಂದೊಂದು ಶಾಲೆ ಸೇರಿಸಿಕೊಂಡರೆ ಮಕ್ಕಳೇ ‘ಯಾಕೆ ಹೀಗೆ’ ಎಂದು ಕೇಳುತ್ತಾರೆ. ಅಲ್ಲಿಂದ ಮುಂದಿನದು ವಿಜ್ಞಾನಿಯ ಕೆಲಸ.

ಮಾಪಕಕ್ಕೆ ಬೇಕಾದದ್ದು ಒಳಬಾಯಿ 10 ಸೆಂ.ಮೀ. ಅಗಲದ ಆಲಿಕೆ, 2 ಲೀಟರಿನ ಬಾಟಲಿ, ಶಾಲೆಯ 100 ಮಿ.ಲೀ. ಅಳತೆ ಜಾಡಿ. ಈ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ., ಆದ್ದರಿಂದ 78.5 ಮಿ.ಲೀ. ನೀರು ಬಿದ್ದರೆ 10 ಮಿ.ಮೀ. ಮಳೆ. ಉತ್ಸಾಹದಲ್ಲಿ 20 ಸೆಂ.ಮೀ. ಆಲಿಕೆ ತರಬೇಡಿ: ಜುಲೈನಲ್ಲಿ ದಿನಕ್ಕೆ 150 ಮಿ.ಮೀ. ಹೊಯ್ದರೆ 4.7 ಲೀಟರ್ ನೀರಾಗುತ್ತದೆ, ಬಾಟಲಿ ಉಕ್ಕಿ ಲೆಕ್ಕ ಕೆಡುತ್ತದೆ. ಚಿಕ್ಕ ಆಲಿಕೆಯಲ್ಲಿ ಅಷ್ಟೇ ಮಳೆಗೆ 1.2 ಲೀಟರ್ ಸಾಕು. ಮರ ಅಥವಾ ಕಟ್ಟಡದ ಎತ್ತರದ ಎರಡರಷ್ಟು ದೂರದಲ್ಲಿಡಿ. ಸೂರಿನ ನೀರು ಸಿಡಿಯಬಾರದು. ಕಂಬಕ್ಕೆ ಕಟ್ಟಿದರೆ ಆಲಿಕೆಯ ಬಾಯಿ ಕಂಬದ ತುದಿಗಿಂತ ಮೇಲಿರಲಿ. ಓದುವ ಹೊತ್ತು ಬೆಳಿಗ್ಗೆ 8.30, ಹವಾಮಾನ ಇಲಾಖೆಯ ಹೊತ್ತೂ ಅದೇ. ಆಲಿಕೆಯಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡರೆ ಮಳೆ ಕಡಿಮೆ ತೋರಿಸುತ್ತದೆ. ಮಳೆ ಬರದ ದಿನ ‘0’ ಎಂದೇ ಬರೆಯಬೇಕು. ಖಾಲಿ ಬಿಟ್ಟರೆ ಆಮೇಲೆ ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ ತಿಳಿಯುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬರುವುದು ಮಾರ್ಚ್–ಏಪ್ರಿಲ್‌ನಲ್ಲಿ. ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮುಂಚೆ ಹತ್ತಿರದ ಮನೆಯ ಮಗುವಿಗೆ ಮಾಪಕ ಒಪ್ಪಿಸಬೇಕು.

ನಮ್ಮ ಮಕ್ಕಳು ಇಲ್ಲಿ ಹಿತ್ತಲಲ್ಲಿ ಇದನ್ನೇ ಮಾಡಲಿ. ಅಮೆರಿಕದಲ್ಲಿರುವವರು ಜನಸಾಮಾನ್ಯರೇ ಮಳೆ ಅಳೆದು ವರದಿ ಮಾಡುವ ಕೋಕೋರಾಸ್ (CoCoRaHS) ಜಾಲಕ್ಕೂ ಸೇರಬಹುದು, ಅವರ ಮಾಪಕದ ಬಾಯಿ 4 ಇಂಚು. ಇಲ್ಲಿಯ ಇಬ್ಬರು ಮಕ್ಕಳಿಗೆ ಊರಿನ ಶಾಲೆಯ ಇಬ್ಬರು ಜೊತೆ, ವಾರಕ್ಕೆ ಅರ್ಧ ಗಂಟೆ ಕರೆ, ಲೆಕ್ಕ ಹೇಳುವುದು ಕನ್ನಡದಲ್ಲಿ. ‘ಮಾತಾಡು’ ಅಂದರೆ ಸುಮ್ಮನಾಗುವ ಮಗು ಹೇಳಲು ಒಂದು ಸುದ್ದಿಯಿದ್ದರೆ ಮಾತಾಡುತ್ತದೆ. ಹಾಸನದ ಶನಿವಾರ ಬೆಳಿಗ್ಗೆ 9 ಗಂಟೆ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ರಾತ್ರಿ 8.30, ನವೆಂಬರ್ ಮೊದಲ ಭಾನುವಾರದ ನಂತರ 7.30. ಯುರೋಪಿನವರಿಗೆ ಅದು ನಸುಕು, ಅವರು ಧ್ವನಿ ಸಂದೇಶ ಕಳಿಸಲಿ. ಕರೆಯಲ್ಲಿ ಶಿಕ್ಷಕರೂ ತಂದೆತಾಯಿಯರೂ ಇರಲೇಬೇಕು. ವಿಜ್ಞಾನಿಯನ್ನು ತಿಂಗಳಿಗೊಮ್ಮೆ ಮಾತ್ರ ಕರೆಯೋಣ, ಅವರಿಗೆ ಅವರ ಸಂಶೋಧನೆಯೂ ಇದೆ.

ಪ್ರತಿಕ್ರಿಯೆ: ಅಕ್ಕ, ದುಡ್ಡಿನ ವಿಷಯ ಸೇರಿಸ್ತೀನಿ. ನಮ್ಮ ಸಂಘದ ಖಾತೆಯಿಂದ ಊರಿನ ಟ್ರಸ್ಟಿಗೋ ಶಾಲಾ ಸಮಿತಿಗೋ ನೇರವಾಗಿ ಕಳಿಸಿದರೆ ಅದು ವಿದೇಶಿ ದೇಣಿಗೆ. ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಗಡ ಅನುಮತಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಓಸಿಐ ಕಾರ್ಡಿನವರು (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು) ಕೊಟ್ಟರೂ ಹಾಗೆಯೇ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಈ ತೊಡಕಿಲ್ಲ. ಪಾಸ್‌ಪೋರ್ಟ್ ಪ್ರತಿಯನ್ನು ಟ್ರಸ್ಟಿನವರು ರಸೀದಿಯ ಜೊತೆ ಇಟ್ಟುಕೊಳ್ಳಲಿ. ಅಂಥ ನಾಲ್ಕೈದು ಮಂದಿ ಮುಂದೆ ಬಂದರೆ ಮಾಪಕ, ನೋಟ್‌ಬುಕ್, ವಿಜ್ಞಾನಿಯ ಬಸ್ ಖರ್ಚು ನಡೆಯುತ್ತದೆ. ಯಾರ ಯಾರ ಹತ್ತಿರ ಭಾರತದ ಪಾಸ್‌ಪೋರ್ಟ್ ಇದೆ, ದಯವಿಟ್ಟು ತಿಳಿಸಿ.