ಪದಚರ್ಚೆ: ಭಟ್ಟಿಮನೆಯ ಶುಚಿತ್ವ ಫಲಕ, ಸಂಜೆಯೊಳಗೆ ಬೇಕು

ಕಾಸರಗೋಡಿನಿಂದ:
ಮದ್ಯ ತಯಾರಿಸುವ ಘಟಕವೊಂದರ ಶುಚಿತ್ವ ನಿಯಮಗಳನ್ನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೇನೆ. ಫಲಕ ಬರೆಯುವವರು ಸಂಜೆ ಬರುತ್ತಾರೆ. ರೋಗಾಣು ನಾಶಕ್ಕೆ ಮಲಯಾಳದಲ್ಲಿರುವ 'ಅಣುನಶೀಕರಣ'ಕ್ಕೆ ಏನೆನ್ನಲಿ? ಹಾಗೆಯೇ ಬಿಟ್ಟರೆ ಓದಿದವರು ಪರಮಾಣು ಸ್ಥಾವರವೆಂದುಕೊಂಡಾರು. ಹಳೆಯ ಕರಡಿನಲ್ಲಿ 'ವೃತ್ತಿಯುಳ್ಳ ಪಾತ್ರೆ' ಎಂದಿದೆ; ಮಲಯಾಳದ 'ವೃತ್ತಿ' ಎಂದರೆ ಶುಚಿ, ಕನ್ನಡದಲ್ಲಿ ಪಾತ್ರೆಗೂ ಉದ್ಯೋಗ! 'ಆಸವನ' ಸರಿಯೋ, 'ಭಟ್ಟಿ ಇಳಿಸುವುದು' ಸರಿಯೋ?

ಪೆರ್ಲದಿಂದ:
ಶುಚಿತ್ವ, ನೈರ್ಮಲ್ಯ ಎರಡೂ ಬೇಡ. ಅಚ್ಚಗನ್ನಡದ 'ಚೊಕ್ಕತನ' ಇದೆ. 'ಭಟ್ಟಿ' ಹಿಂದಿಯ ಸರಕು, 'ಬಟ್ಟಿ' ಎಂದಾದರೂ ಬರೆಯಿರಿ. ಅಣುನಶೀಕರಣಕ್ಕೆ 'ನಂಜುಕಳೆತ'.

ಮಂಜೇಶ್ವರದಿಂದ:
'ಚೊಕ್ಕ' ಸಂಸ್ಕೃತ 'ಚೋಕ್ಷ'ದ ತದ್ಭವ. ಅಚ್ಚಗನ್ನಡ ಅಲ್ಲಿಗೆ ಮುಗಿಯಿತು. 'ನಂಜುಕಳೆತ' ಹಾವು ಕಡಿದವರಿಗಿರಲಿ.

ಪಠ್ಯಪುಸ್ತಕದ 'ಆಸವನ' ಬೇಡ. ದ್ರಾಕ್ಷಾಸವ ಹುದುಗಿಸಿದ್ದೇ ಹೊರತು ಭಟ್ಟಿ ಇಳಿಸಿದ್ದಲ್ಲ. ಮದ್ಯಕ್ಕೆ 'ಸಾರಾಯಿ' ಎಂದೂ ಬರೆಯಬೇಡಿ, ಕೇರಳದಲ್ಲಿ ಅದು 1996ರ ಏಪ್ರಿಲ್ 1ರಿಂದ ನಿಷಿದ್ಧ.

ಅಣುನಶೀಕರಣಕ್ಕೆ 'ಸೋಂಕು ನಿವಾರಣೆ' ಸಾಕು. ಆದರೆ ಅದಕ್ಕೂ ಮೊದಲು 'ತೊಳೆಯುವುದು' ಎಂದು ಬೇರೆಯೇ ಸಾಲು ಇರಲಿ. ಪಾತ್ರೆಗೆ ಮಡ್ಡಿ ಅಂಟಿದ್ದರೆ ಕ್ಲೋರಿನ್ ಮಡ್ಡಿಯ ಮೇಲೆಯೇ ಖರ್ಚಾಗುತ್ತದೆ, ಸೂಕ್ಷ್ಮಜೀವಿ ಆರಾಮವಾಗಿ ಉಳಿಯುತ್ತದೆ. ಇಲ್ಲಿ 'ಕೊಳೆ ತೆಗೆಯಿರಿ' ಎಂದು ಮಾತ್ರ ಬರೆಸಬೇಡಿ. ಗಡಿಯ ತಲಪಾಡಿಯಾಚೆ, ಕರ್ನಾಟಕದ ಅಬಕಾರಿ ಸುದ್ದಿಗಳಲ್ಲಿ 'ಬೆಲ್ಲದ ಕೊಳೆ' ಎಂದರೆ ಭಟ್ಟಿಗೆ ಹಾಕಲು ಹುಳಿಯಿಸಿದ ಬೆಲ್ಲದ ನೀರು. ಯಾರಾದರೂ ಅದನ್ನೇ ಚರಂಡಿಗೆ ಸುರಿದಾರು.

ಹೇಗೂ ಕುದಿಸುತ್ತೇವಲ್ಲ, ಇಷ್ಟೆಲ್ಲ ಶುಚಿತ್ವ ಏಕೆ ಎಂದು ಕೇಳುವವರೂ ಇರುತ್ತಾರೆ. ಕುದಿಸಿದರೆ ಜೀವಿ ಸಾಯುತ್ತದೆ, ಅದು ಮಾಡಿಟ್ಟ ಅಸಿಟಿಕ್ ಆಮ್ಲ ಉಳಿಯುತ್ತದೆ. ತಾಮ್ರದ ಹಂಡೆಗೆ ಆ ಹುಳಿ ತಗಲಿದರೆ ಹಸಿರು ಕಿಲುಬು. 'ಕಿಲುಬು ಕಂಡ ಹಂಡೆಯನ್ನು ಒಲೆಗೇರಿಸಬಾರದು' ಎಂದು ದಪ್ಪಕ್ಷರದಲ್ಲಿ ಬರೆಸಿ. ಅದಕ್ಕೆ ಸಂಸ್ಕೃತ ಹುಡುಕಲು ಹೋಗಬೇಡಿ.

ಪೆರ್ಲದಿಂದ:
ತದ್ಭವವಾದ ಮೇಲೆ ಅದು ನಮ್ಮದೇ. ಪದ ಕೇಳಿದರೆ ರಸಾಯನಶಾಸ್ತ್ರದ ಪಾಠವೇ?

ಮಂಜೇಶ್ವರದಿಂದ:
ಹಾಗಾದರೆ 'ಭಟ್ಟಿ'ಯೂ ನಮ್ಮದೇ. ಸಂಸ್ಕೃತ 'ಭ್ರಾಷ್ಟ್ರ'ದಿಂದ ಬಂದ ಪದ ಹಿಂದಿಯ ದಾರಿಯಲ್ಲಿ ಬಂದರೆ ಮೈಲಿಗೆ, ನೇರವಾಗಿ ಬಂದರೆ ಮಡಿಯೇ?

ಕಾಸರಗೋಡಿನಿಂದ:
'ತೊಳೆಯುವುದು', 'ಸೋಂಕು ನಿವಾರಣೆ', 'ಭಟ್ಟಿ', 'ಕಿಲುಬು' ಎಂದು ಕೊಟ್ಟುಬಿಟ್ಟೆ. ಮಹಾಪ್ರಾಣ ಉಳಿಸಿಕೊಂಡಿದ್ದೇನೆ, ಪೆರ್ಲದವರು ಕ್ಷಮಿಸಬೇಕು.