8×4 ಶೀಟಿನಲ್ಲಿ 200 ಎಂಎಂ ಸರ್ಕಲ್: 55ಕ್ಕಿಂತ ಹೆಚ್ಚು ಕೂರಿಸುವುದು ಹೇಗೆ?

ಪ್ರಶ್ನೆ (ಪಾತ್ರೆ ವರ್ಕ್‌ಶಾಪ್)

ಎಲ್ಲರಿಗೂ ನಮಸ್ಕಾರ. ಮುಚ್ಚಳ ಒತ್ತಲು 1 ಎಂಎಂ ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಶೀಟಿನಿಂದ 200 ಎಂಎಂ ವ್ಯಾಸದ ಸರ್ಕಲ್ ಕತ್ತರಿಸಬೇಕಿದೆ. ಶೀಟ್ 8×4 ಅಡಿ, ಅಂದರೆ 2440×1220 ಎಂಎಂ, ಕಟಿಂಗ್ ಲೇಸರ್‌ನಲ್ಲಿ. ಎರಡು ಸರ್ಕಲ್ ನಡುವೆ 4 ಎಂಎಂ, ಶೀಟಿನ ಸುತ್ತ 5 ಎಂಎಂ ಬಿಡುತ್ತಿದ್ದೇವೆ. ಚೌಕ ಚೌಕವಾಗಿ ಜೋಡಿಸಿದರೆ ಉದ್ದಕ್ಕೆ 11, ಅಗಲಕ್ಕೆ 5, ಒಟ್ಟು 55 ಬರುತ್ತವೆ. ಶೀಟಿನ ತೂಕ 23.6 ಕೆಜಿ, ಸರ್ಕಲ್ ಆಗಿ ಕೈಗೆ ಸಿಗುವುದು 13.7 ಕೆಜಿ. ಹೆಚ್ಚುಕಡಿಮೆ 10 ಕೆಜಿ ಗುಜರಿಗೆ ಹೋಗುತ್ತಿದೆ.

ಜೇನುಗೂಡಿನ ಹಾಗೆ ಒಂದು ಸಾಲು ಬಿಟ್ಟು ಒಂದು ಸಾಲನ್ನು ಅರ್ಧ ಸರಿಸಿ ನೋಡಿದೆವು. 11ರಂತೆ 6 ಸಾಲು, 66 ಬಂತು. ಇಷ್ಟೇನಾ, ಇನ್ನೂ ಏರಿಸಬಹುದಾ? ಉದ್ದದ ಅಂಚಿನಲ್ಲಿ 126 ಎಂಎಂ ಪಟ್ಟಿ ಖಾಲಿ ಬೀಳುತ್ತಿದೆ. 200ರ ಸರ್ಕಲ್‌ಗೆ ಅದು ಸಾಲದು, ಬಿಸಾಡಲು ಮನಸ್ಸು ಬಾರದು.

ಉತ್ತರ 1 (ನೆಸ್ಟಿಂಗ್ ಲೆಕ್ಕ)

ಸರ್, ಆ 126 ಎಂಎಂ ಪಟ್ಟಿಯನ್ನು ಒಳಗೆ ಎಳೆದುಕೊಂಡರೆ ಇದೇ 4 ಎಂಎಂ ಅಂತರದಲ್ಲಿ 70 ಬರುತ್ತವೆ.

ಕೊನೆಯಿಲ್ಲದ ಬಯಲಿನಲ್ಲಿ ಒಂದೇ ಅಳತೆಯ ವೃತ್ತಗಳನ್ನು ಜೇನುಗೂಡಿಗಿಂತ ಒತ್ತಾಗಿ ಜೋಡಿಸಲು ಆಗುವುದಿಲ್ಲ. ಹಂಗೇರಿಯ ಗಣಿತಜ್ಞ ಲಾಸ್ಲೊ ಫೇಯೆಷ್ ಟೋಥ್ 1940ರಲ್ಲಿ ಕೊಟ್ಟ ಪುರಾವೆ ಇದಕ್ಕಿದೆ. ಜೇನುಗೂಡಿನಲ್ಲಿ ಜಾಗದ 90.69% ತುಂಬುತ್ತದೆ, ಚೌಕ ಜೋಡಣೆಯಲ್ಲಿ 78.54%. ಆದರೆ ನಮ್ಮ ಶೀಟಿಗೆ ನಾಲ್ಕು ಅಂಚುಗಳಿವೆ. ಅಂಚಿನಲ್ಲಿ ಮುಕ್ಕಾಲು ಸಾಲಿನಷ್ಟು ಜಾಗ ವ್ಯರ್ಥವಾದರೆ ಒಳಗಿನ ಒತ್ತು ಜೋಡಣೆಯ ಲಾಭವೆಲ್ಲ ಅಲ್ಲೇ ಕರಗುತ್ತದೆ.

ಅಂಚು ಕಳೆದು ನಿಮ್ಮ ಬಳಕೆಯ ಅಗಲ 1210. ಸರಿಯಾದ ಜೇನುಗೂಡಿನಲ್ಲಿ ಸಾಲಿಂದ ಸಾಲಿಗೆ 204×0.866 = 176.7. ಏಳು ಸಾಲಿಗೆ 200 + 6×176.7 = 1260 ಬೇಕು, ಅಂದರೆ 50 ಎಂಎಂ ಕೊರತೆ. ಈಗ ಸಾಲಿನೊಳಗಿನ ಸರ್ಕಲ್‌ಗಳನ್ನು ಒಂದರಿಂದೊಂದು ಸ್ವಲ್ಪ ದೂರ ಇಡಿ. ಮುಂದಿನ ಸಾಲು ಆ ಸಂದಿಯೊಳಗೆ ಇನ್ನಷ್ಟು ಇಳಿದು ಕೂರುತ್ತದೆ. ಎಷ್ಟು ದೂರ ಅನ್ನುವುದಕ್ಕೆ ಪೈಥಾಗರಸ್ ಸಾಕು (ಪಿಚ್ ಅಂದರೆ ಒಂದೇ ಸಾಲಿನ ಪಕ್ಕಪಕ್ಕದ ಎರಡು ಸರ್ಕಲ್‌ಗಳ ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ):

ಸಾಲುಗಳ ಅಂತರ = (1210 − 200) ÷ 6 = 168.33
ಅರ್ಧ ಪಿಚ್ = √(204² − 168.33²) = 115.24
ಸಾಲಿನೊಳಗಿನ ಪಿಚ್ = 230.5

ಪ್ರತಿ ಸಾಲಿಗೆ 10 ಸರ್ಕಲ್. ಸರಿಸಿದ ಸಾಲು ಮುಗಿಯುವುದು 200 + 9×230.5 + 115.25 = 2389.75ಕ್ಕೆ. ನಿಮ್ಮ ಬಳಕೆಯ ಉದ್ದ 2430, ಆರಾಮವಾಗಿ ಕೂರುತ್ತದೆ. 7×10 = 70.

ಸಾಫ್ಟ್‌ವೇರ್ ತಾನಾಗಿ ಇದನ್ನು ಹುಡುಕದಿದ್ದರೆ ಕೈಯಿಂದ ಎರಡು ಅರೇ (ಒಂದೇ ಅಂತರದಲ್ಲಿ ಸಾಲಾಗಿ ಮರುಕಳಿಸುವ ಜೋಡಣೆ) ಹಾಕಿ. ಮೊದಲನೆಯದರ ಕೇಂದ್ರ ಶೀಟಿನ ಮೂಲೆಯಿಂದ 105, 105ರಲ್ಲಿ: ಉದ್ದಕ್ಕೆ 230.5ರಂತೆ 10, ಅಗಲಕ್ಕೆ 336.66ರಂತೆ 4 ಸಾಲು. ಎರಡನೆಯದು 220.25, 273.33ರಿಂದ ಶುರು: ಅದೇ ಪಿಚ್, 10ರಂತೆ 3 ಸಾಲು.

ಎರಡು ಎಚ್ಚರಿಕೆ. ಲೆಕ್ಕದಲ್ಲಿ ಬಂದ ಪಿಚ್ 204ಕ್ಕಿಂತ ಕಡಿಮೆಯಾದರೆ 204 ಅನ್ನೇ ಹಿಡಿಯಬೇಕು, ಇಲ್ಲದಿದ್ದರೆ ಒಂದೇ ಸಾಲಿನ ಸರ್ಕಲ್‌ಗಳು ಒಂದರ ಮೇಲೊಂದು ಏರುತ್ತವೆ. ಇನ್ನೊಂದು, ಸಾಲು ಹೆಚ್ಚಿದಷ್ಟೂ ಲಾಭ ಅಂದುಕೊಳ್ಳಬೇಡಿ. ಎಂಟು ಸಾಲು ತುರುಕಿದರೆ ಪಿಚ್ 288ಕ್ಕೆ ಹಿಗ್ಗಿ ಸಾಲಿಗೆ 8 ಮಾತ್ರ ಸಿಗುತ್ತವೆ, ಒಟ್ಟು 64. ಪ್ರತಿ ಹೊಸ ಅಳತೆಗೂ ಮೂರ್ನಾಲ್ಕು ಸಾಲುಸಂಖ್ಯೆ ಹಾಕಿ ನೋಡಲೇಬೇಕು. ಎಕ್ಸೆಲ್‌ನಲ್ಲಿ ಐದು ನಿಮಿಷದ ಕೆಲಸ.

ಉತ್ತರ 2 (ಲೇಸರ್ ಆಪರೇಟರ್)

ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ಇದೇ ಶೀಟಿಗೆ ಚೌಕ ಜೋಡಣೆಯನ್ನು ಅಷ್ಟು ಬೇಗ ಕೈಬಿಡಬೇಡಿ. 55 ಬಂದದ್ದು ಚೌಕದ ತಪ್ಪಲ್ಲ, 4 ಎಂಎಂ ಅಂತರದ್ದು. 6 ಸರ್ಕಲ್‌ಗೆ 6×200 + 5×4 = 1220 ಬೇಕು, ನಿಮ್ಮಲ್ಲಿರುವುದು 1210. ಬರೀ 10 ಎಂಎಂಗೆ ಒಂದು ಇಡೀ ಸಾಲು ಹೋಯಿತು. ಉದ್ದದಲ್ಲೂ ಇದೇ ಕತೆ, 12ನೆಯದು ಕೂದಲೆಳೆಯಲ್ಲಿ ತಪ್ಪಿದೆ.

ಅಂತರವನ್ನು 2 ಎಂಎಂಗೆ ಇಳಿಸಿ. ಅಗಲಕ್ಕೆ 6×200 + 5×2 = 1210, ಉದ್ದಕ್ಕೆ 12×200 + 11×2 = 2422. ಒಟ್ಟು 72! 2 ಎಂಎಂ ಅಂತರದಲ್ಲೂ ಹಿಗ್ಗಿಸಿದ ಜೇನುಗೂಡು 70ರಲ್ಲೇ ನಿಲ್ಲುತ್ತದೆ.

1 ಎಂಎಂ ಶೀಟಿಗೆ 2 ಎಂಎಂ ಅಂತರ ಆಗುತ್ತದೆ, ಆದರೆ ಮೈಮರೆತರೆ ಕೆಡುತ್ತದೆ. ಕೆಡುವುದು ಎಲ್ಲಿ ಅಂದರೆ:

ಲೀಡ್-ಇನ್, ಅಂದರೆ ಲೇಸರ್ ಸರ್ಕಲ್ ಗೆರೆಯ ಹೊರಗೆ ಶುರುವಾಗಿ ಗೆರೆಯನ್ನು ಸೇರುವ ಚಿಕ್ಕ ದಾರಿ. ಸಾಮಾನ್ಯವಾಗಿ 3–4 ಎಂಎಂ ಇರುತ್ತದೆ. ಎರಡು ಸರ್ಕಲ್ ತೀರಾ ಹತ್ತಿರ ಬರುವ ಕಡೆ ಅದನ್ನು ಇಟ್ಟರೆ ಪಿಯರ್ಸಿಂಗ್ (ಲೇಸರ್ ಮೊದಲು ಕೊರೆಯುವ ತೂತು) ಪಕ್ಕದ ಸರ್ಕಲ್ ಮೇಲೆಯೇ ಬೀಳುತ್ತದೆ. ಅಡ್ಡಗೆರೆಯಿಂದ 20 ಡಿಗ್ರಿ ಓರೆಗೆ ತಿರುಗಿಸಿ, ಅಲ್ಲಿ ಪಕ್ಕದ ಸರ್ಕಲ್‌ಗೆ ಸುಮಾರು 10 ಎಂಎಂ ಜಾಗ ಸಿಗುತ್ತದೆ.

ಶೀಟ್ ಓರೆಯಾಗುವುದು. ಟೇಬಲ್ ಮೇಲೆ ಶೀಟ್ 0.1 ಡಿಗ್ರಿ ತಿರುಗಿ ಕೂತಿದ್ದರೂ 2440 ಉದ್ದದ ಕೊನೆಯಲ್ಲಿ 4 ಎಂಎಂಗೂ ಮೀರಿ ಸರಿದಿರುತ್ತದೆ. ಅಂಚಿನ ಸಾಲು ಶೀಟಿನ ಹೊರಗೆ ಹೋಗುವುದು ಹೀಗೆ. ಮಷೀನಿನ ಅಂಚು ಹುಡುಕುವ ಫಂಕ್ಷನ್ ಹಾಕದೆ ಇದನ್ನು ಓಡಿಸಲೇಬೇಡಿ. ನಾಲ್ಕು ಅಡಿ ಶೀಟ್ ಅಂದರೆ ಲೆಕ್ಕಕ್ಕೆ 1219.2, ಹಾಗಾಗಿ ಪ್ರತಿ ಬ್ಯಾಚಿನಲ್ಲಿ ಒಂದು ಶೀಟನ್ನಾದರೂ ಟೇಪ್ ಹಿಡಿದು ಅಳೆಯಿರಿ. ಕಡಿಮೆ ಇದ್ದರೆ ಅಂಚಿನ 5ರಲ್ಲಿ ಹೊಂದಿಸಿ, ನಡುವಿನ 2 ಎಂಎಂ ಮುಟ್ಟಬೇಡಿ.

ಕಾವು. ಸಾಲಾಗಿ ಪಕ್ಕಪಕ್ಕದ್ದನ್ನೇ ಕತ್ತರಿಸುತ್ತ ಹೋದರೆ ಸರ್ಕಲ್ ನಡುವೆ ಉಳಿದ ಶೀಟಿನ ತೆಳ್ಳಗಿನ ಜಾಲರಿ ಬಿಸಿಯೇರಿ ಉಬ್ಬುತ್ತದೆ, ನಾಜಲ್‌ಗೆ ತಾಗುತ್ತದೆ. ಒಂದು ಬಿಟ್ಟು ಒಂದು ಕತ್ತರಿಸಿ, ಪ್ರತಿ ಸರ್ಕಲ್‌ಗೆ 0.3–0.5 ಎಂಎಂನ ಎರಡು ಮೈಕ್ರೋ ಜಾಯಿಂಟ್ (ಸರ್ಕಲನ್ನು ಶೀಟಿಗೆ ಹಿಡಿದಿಡುವ, ಕತ್ತರಿಸದೆ ಬಿಟ್ಟ ಕಿರುಜಾಗ) ಬಿಡಿ.

ಚೌಕದ ಪರ ಇನ್ನೊಂದು ಮಾತು. ನಾಲ್ಕು ಸರ್ಕಲ್ ನಡುವೆ ಉಳಿಯುವ ನಕ್ಷತ್ರದಾಕಾರದ ತುಂಡು ದೊಡ್ಡದು. 2 ಎಂಎಂ ಅಂತರ ಬಿಟ್ಟೂ ಅದರಲ್ಲಿ 80 ಎಂಎಂ ಸರ್ಕಲ್ ಕೂರುತ್ತದೆ. 12×6 ಜೋಡಣೆಯಲ್ಲಿ ಅಂಥ ಸಂದಿಗಳು 11×5 = 55. ನಿಮ್ಮ 66ರ ಜೇನುಗೂಡಿನ ಮುಕ್ಕೋನ ಸಂದಿಯಲ್ಲಿ 27 ಎಂಎಂ ವಾಷರ್ ಅಷ್ಟೇ. ಸಣ್ಣ ಸರ್ಕಲ್ ಏನಾದರೂ ಬೇಕಿದೆಯಾ ನಿಮಗೆ?

ಪ್ರಶ್ನೆ ಕೇಳಿದವರು

ಬೇಕು ಸರ್, ಸಣ್ಣ ಡಬ್ಬಿಯ ಮುಚ್ಚಳಕ್ಕೆ 76 ಎಂಎಂ ಸರ್ಕಲ್ ಇದೇ 1 ಎಂಎಂ ಶೀಟಿನಲ್ಲೇ ಮಾಡುತ್ತೇವೆ. ಅದಕ್ಕೆ ಬೇರೆ ಶೀಟ್ ಹಾಕುತ್ತಿದ್ದೆವು. ಲೇಸರ್ ಬಿಟ್ಟು ಶಿಯರಿಂಗ್‌ನಲ್ಲಿ ಚೌಕ ಕತ್ತರಿಸಿ ಸರ್ಕಲ್ ಮಷೀನಿಗೆ ಕೊಟ್ಟರೆ ಹೇಗೆ? 2500×1250 ಶೀಟೂ ಸಿಗುತ್ತದೆ ಅಂತ ಡೀಲರ್ ಹೇಳುತ್ತಿದ್ದಾರೆ.

ಉತ್ತರ 2 (ಲೇಸರ್ ಆಪರೇಟರ್)

76 ಅಂದರೆ ಇನ್ನೂ ಸಲೀಸು, ದೊಡ್ಡ ಸರ್ಕಲ್‌ಗೂ ಅದಕ್ಕೂ ನಡುವೆ 4.8 ಎಂಎಂ ಉಳಿಯುತ್ತದೆ. 55 ಸಣ್ಣವು ಸೇರಿ ಸುಮಾರು 2 ಕೆಜಿ. ಒಟ್ಟು 19.9 ಕೆಜಿ ಮಾಲು, ಗುಜರಿಗೆ 3.7 ಕೆಜಿ. ಸಣ್ಣವನ್ನು ಮೊದಲು ಕತ್ತರಿಸಿ, ದೊಡ್ಡವು ಆಮೇಲೆ. ದೊಡ್ಡವು ಹೋದ ಮೇಲೆ ಜಾಲರಿಗೆ ಬಿಗಿ ಇರುವುದಿಲ್ಲ, ಅಲುಗಾಡುವ ಜಾಲರಿಯಲ್ಲಿ ಕತ್ತರಿಸಿದ ಸಣ್ಣ ಸರ್ಕಲ್ ಮೊಟ್ಟೆಯಾಕಾರಕ್ಕೆ ಬರುತ್ತದೆ.

ಶಿಯರಿಂಗ್‌ನಲ್ಲಿ ಬ್ಲೇಡ್ ಲೋಹವನ್ನು ತಿನ್ನುವುದಿಲ್ಲ, ಹಾಗಾಗಿ 8×4 ಅಡಿ ಶೀಟಿನಲ್ಲಿ 8 ಇಂಚಿನ ಚೌಕ ಸರಿಯಾಗಿ 72. 8 ಇಂಚು ಅಂದರೆ 203.2 ಎಂಎಂ, ಸರ್ಕಲ್ ಸುತ್ತ 1.6 ಎಂಎಂ ಉಳಿಯುತ್ತದೆ. ಆದರೆ ಹೀಗೆ ಮಾಡಿದರೆ ನಕ್ಷತ್ರ ನಾಲ್ಕು ಚೂರಾಗಿ ನಾಲ್ಕು ಚೌಕದ ಮೂಲೆಗೆ ಹೋಗುತ್ತದೆ. 76 ಎಂಎಂ ಅದರಿಂದ ಹುಟ್ಟುವುದಿಲ್ಲ. ಜೊತೆಗೆ ಶೀಟನ್ನು ಅಳತೆಗೆ ತಡೆದು ನಿಲ್ಲಿಸುವ ಹಿಂದಿನ ಸ್ಟಾಪರ್ ಪ್ರತಿ ಕಟ್‌ಗೆ 0.3 ಎಂಎಂ ತಪ್ಪಿದರೂ ಹನ್ನೆರಡನೇ ಚೌಕ ತಲುಪುವಷ್ಟರಲ್ಲಿ 3 ಎಂಎಂ ಮೀರಿ ಕೊರತೆ ಬೀಳುತ್ತದೆ. ಮೊದಲು ಶೀಟನ್ನು ಅರ್ಧ, ಆಮೇಲೆ ಕಾಲು ಮಾಡಿಕೊಂಡು ಕತ್ತರಿಸಿದರೆ ತಪ್ಪು ಹೀಗೆ ಗುಡ್ಡೆಯಾಗುವುದಿಲ್ಲ.

ಉತ್ತರ 1 (ನೆಸ್ಟಿಂಗ್ ಲೆಕ್ಕ)

2500×1250 ಸಿಗುವುದಾದರೆ ಕಣ್ಣು ಮುಚ್ಚಿ ಬಿಡಬೇಡಿ. ಅದರಲ್ಲಿ ನಿಮ್ಮ ಹಳೆಯ 4 ಎಂಎಂ ಅಂತರದಲ್ಲೇ 77 ಬರುತ್ತವೆ. ಏಳು ಸಾಲು, ಸಾಲುಗಳ ಅಂತರ 173.33, ಪಿಚ್ 215.2, ಸಾಲಿಗೆ 11. ಸರಿಸಿದ ಸಾಲು 2459.6ಕ್ಕೆ ಮುಗಿಯುತ್ತದೆ, ಇರುವುದು 2490.

ಎಷ್ಟು ಸರ್ಕಲ್ ಬಂತು ಅಂತ ಎಣಿಸಿದರೆ ಎರಡು ಅಳತೆಯ ಶೀಟುಗಳನ್ನು ಹೋಲಿಸಲು ಆಗುವುದಿಲ್ಲ. ಒಂದು ಸರ್ಕಲ್‌ಗೆ ಎಷ್ಟು ಗ್ರಾಂ ಶೀಟ್ ಖರ್ಚಾಯಿತು ಅಂತ ನೋಡಿ, ಏಕೆಂದರೆ ನೀವು ದುಡ್ಡು ಕೊಡುವುದು ಕೆಜಿಗೆ:

8×4, ಚೌಕ, 55: 429 ಗ್ರಾಂ
8×4, ಜೇನುಗೂಡು, 66: 358
8×4, ಹಿಗ್ಗಿಸಿದ ಜೇನುಗೂಡು, 70: 337
8×4, ಚೌಕ, 2 ಎಂಎಂ ಅಂತರ, 72: 328
2500×1250, ಹಿಗ್ಗಿಸಿದ ಜೇನುಗೂಡು, 77: 322
8×4, ಚೌಕ, 72 ಮತ್ತು 76 ಎಂಎಂನ 55, ಸಣ್ಣವುಗಳ ತೂಕ ಕಳೆದು: 300

ಸರ್ಕಲ್‌ನ ಸ್ವಂತ ತೂಕ 249 ಗ್ರಾಂ, ಅದಕ್ಕಿಂತ ಕೆಳಗೆ ಯಾರೂ ಇಳಿಸಲಾರರು.

76 ಎಂಎಂ ಮಾಲು ನಿಮಗೆ 72ಕ್ಕೆ 55ರ ಲೆಕ್ಕದಲ್ಲಿ ಖರ್ಚಾಗುತ್ತಿದ್ದರೆ ಕೊನೆಯದನ್ನೇ ಹಿಡಿಯಿರಿ. ಸಣ್ಣವು ಅಷ್ಟು ಬೇಡವಾದ ದಿನ ದೊಡ್ಡ ಶೀಟಿನ 77. 2 ಎಂಎಂ ಅಂತರಕ್ಕೆ ಮಷೀನ್ ಒಗ್ಗದಿದ್ದರೆ 2500×1250ರಲ್ಲಿ 4 ಎಂಎಂ ಬಿಟ್ಟೂ ಚೌಕದ 72 ಮತ್ತು ಸಣ್ಣ 55 ಕೂರುತ್ತವೆ, 317 ಗ್ರಾಂ.

ಓಡಿಸುವ ಮೊದಲು ಶೀಟನ್ನು ಒಮ್ಮೆ ತಕ್ಕಡಿಗೆ ಹಾಕಿ. 8×4ರದ್ದು 23.6 ಕೆಜಿಗಿಂತ ಹೆಚ್ಚು ತೂಗಿದರೆ ಶೀಟ್ 1 ಎಂಎಂಗಿಂತ ದಪ್ಪ ಇದೆ, ಮೇಲಿನ ಅಂಕಿಗಳೆಲ್ಲ ಅದೇ ಅನುಪಾತದಲ್ಲಿ ಏರುತ್ತವೆ.