ವ್ಯಾಕರಣ ಬಲ್ಲವರಿಗೆ ಮಾತು ಬಾರದು, ಮಾತು ಬಂದವರಿಗೆ ತಪ್ಪು ಹೋಗದು: ಇದನ್ನು ಯಾವ ಸಿದ್ಧಾಂತ ವಿವರಿಸುತ್ತದೆ?

ಪ್ರಶ್ನೆ

ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದಲ್ಲಿ ಎರಡು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಕನ್ನಡೇತರರಿಗೆ ಕನ್ನಡ ಕಲಿಸುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರ ಮನೆಮಾತು ಹಿಂದಿ. ಅವರಲ್ಲಿ ಇಬ್ಬರು ನನ್ನನ್ನು ಯೋಚನೆಗೆ ಹಚ್ಚಿದ್ದಾರೆ. ಒಬ್ಬರು ಸಾಫ್ಟ್‌ವೇರ್ ಎಂಜಿನಿಯರ್. ವಿಭಕ್ತಿಗಳನ್ನೂ ಕ್ರಿಯಾಪದದ ರೂಪಗಳನ್ನೂ ಪಟ್ಟಿ ಬರೆದುಕೊಂಡು ಬಾಯಿಪಾಠ ಮಾಡಿದ್ದಾರೆ, ಆದರೆ ತರಕಾರಿ ಅಂಗಡಿಯ ಮುಂದೆ ‘ಅರ್ಧ ಕೆಜಿ ಬೀನ್ಸ್ ಕೊಡಿ’ ಎನ್ನುವುದಕ್ಕೂ ತಡವರಿಸುತ್ತಾರೆ. ಇನ್ನೊಬ್ಬರು ಬಿಹಾರದಿಂದ ಬಂದು ನಮ್ಮ ಗೇಟಿನಲ್ಲಿ ಕೆಲಸ ಮಾಡುವ ಸೆಕ್ಯುರಿಟಿಯವರು; ಪುಸ್ತಕ ಮುಟ್ಟಿದವರಲ್ಲ, ಎಲ್ಲರೊಡನೆ ಸರಾಗವಾಗಿ ಮಾತನಾಡುತ್ತಾರೆ, ಆದರೆ ‘ಅದು ನಮ್ಮ ಗಾಡಿ ಇಲ್ಲ’, ‘ಪಾರ್ಸೆಲ್ ಮೇಡಂಗೆ ಕೊಡಿದೆ’ ಎಂಬಂಥ ತಪ್ಪುಗಳು ಹಾಗೆಯೇ ಉಳಿದಿವೆ. ಭಾಷೆ ನಿಯಮಗಳ ವ್ಯವಸ್ಥೆಯೋ, ಕೇಳಿ ಕೇಳಿ ಬರುವ ರೂಢಿಯೋ? ಇಬ್ಬರಿಗೂ ನಾನು ಒಂದೇ ಪಾಠ ಮಾಡುತ್ತಿರುವುದು ಸರಿಯಲ್ಲ ಎಂದು ಮನಸ್ಸು ಹೇಳುತ್ತಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ನೀವು ಕೊಟ್ಟ ಎರಡು ತಪ್ಪುಗಳು ಒಂದೇ ಜಾತಿಯವಲ್ಲ; ಅವುಗಳನ್ನು ಬೇರ್ಪಡಿಸಿದರೆ ಅರ್ಧ ಉತ್ತರ ಸಿಕ್ಕಂತೆ.

‘ಗಾಡಿ ಇಲ್ಲ’ ಎಂಬುದು ಹಿಂದಿಯಿಂದ ಬಂದದ್ದು. ವಸ್ತು ಇರುವುದನ್ನು ನಿರಾಕರಿಸಲು ‘ಇಲ್ಲ’, ಅದು ಇಂಥದ್ದೆಂಬುದನ್ನು ನಿರಾಕರಿಸಲು ‘ಅಲ್ಲ’ ಎಂದು ಕನ್ನಡ ಭೇದ ಮಾಡುತ್ತದೆ. ಹಿಂದಿಯಲ್ಲಿ ಎರಡು ಕಡೆಗೂ ‘ನಹೀಂ’ ಸಲ್ಲುತ್ತದೆ. ಎರಡು ಭಾಷೆಗಳನ್ನು ಹೋಲಿಸಿದರೆ ಕಲಿಯುವವರು ಎಲ್ಲಿ ಎಡವುತ್ತಾರೆಂದು ಮೊದಲೇ ಹೇಳಬಹುದು ಎಂದು 1957ರಲ್ಲಿ ಭಾಷಾವಿಜ್ಞಾನಿ ರಾಬರ್ಟ್ ಲಾಡೊ ವಾದಿಸಿದ್ದು ಇಂಥ ತಪ್ಪುಗಳಿಗೆ ಚೆನ್ನಾಗಿ ಹೊಂದುತ್ತದೆ.

‘ಕೊಡಿದೆ’ ಹಾಗಲ್ಲ. ಅದರ ಮೂಲ ಕನ್ನಡದಲ್ಲೇ ಇದೆ. ನೋಡು–ನೋಡಿದೆ, ಮಾಡು–ಮಾಡಿದೆ, ಹಾಡು–ಹಾಡಿದೆ ಎಂದು ದಿನವೂ ಕೇಳುವವರು ಕೊಡು–ಕೊಡಿದೆ ಎನ್ನುವುದು ತರ್ಕಬದ್ಧವೇ ಆಗಿದೆ. ಆದರೆ ಕೊಡು–ಕೊಟ್ಟೆ, ಬಿಡು–ಬಿಟ್ಟೆ, ಇಡು–ಇಟ್ಟೆ, ಸುಡು–ಸುಟ್ಟೆ ಎಂಬ ಇನ್ನೊಂದು ಸಾಲೂ ಇದೆ. ಎರಡನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡಿ: ಇಂಥ ಎರಡಕ್ಷರದ ಕ್ರಿಯಾಪದಗಳಲ್ಲಿ ‘ಡು’ವಿನ ಹಿಂದಿನ ಸ್ವರ ದೀರ್ಘವಾಗಿದ್ದರೆ ‘ಇದೆ’, ಹ್ರಸ್ವವಾಗಿದ್ದರೆ ‘ಟ್ಟೆ’. ದೊಡ್ಡವರಾದ ಹುಟ್ಟಾ ಕನ್ನಡಿಗರು ಇದನ್ನು ತಪ್ಪದೆ ಪಾಲಿಸುತ್ತಾರೆ, ಕೇಳಿದರೆ ಮಾತ್ರ ಹೇಳಲಾರರು. ನನ್ನ ಮಗಳೂ ಮೂರರ ವಯಸ್ಸಿನಲ್ಲಿ ‘ಬಿಡಿದೆ’ ಎನ್ನುತ್ತಿದ್ದಳು.

ತಪ್ಪುಗಳು ಕಲಿಯುವವರ ಒಳಗಿನ ವ್ಯವಸ್ಥೆಯನ್ನು ತೋರಿಸುತ್ತವೆ ಎಂದು ಪಿಟ್ ಕಾರ್ಡರ್ 1967ರಲ್ಲಿ ಬರೆದರು. ಆ ವ್ಯವಸ್ಥೆ ತಾಯ್ನುಡಿಯೂ ಅಲ್ಲದ, ಗುರಿಭಾಷೆಯೂ ಆಗದ ಒಂದು ನಡುವಣ ಭಾಷೆ. 1972ರಲ್ಲಿ ಲ್ಯಾರಿ ಸೆಲಿಂಕರ್ ಅದನ್ನು ‘ಇಂಟರ್‌ಲ್ಯಾಂಗ್ವೇಜ್’ ಎಂದು ಕರೆದರು. ಅದರ ಕೆಲವು ಅಂಶಗಳು ಪಳೆಯುಳಿಕೆಯಂತೆ ಗಟ್ಟಿಯಾಗಿಬಿಡುತ್ತವೆ ಎಂದೂ ಅವರು ಹೇಳಿದರು. ನಿಮ್ಮ ಸೆಕ್ಯುರಿಟಿಯವರ ಮಾತಿನಲ್ಲಿ ಆಗಿರುವುದು ಬಹುಶಃ ಅದೇ.

ಎರಡನೆಯ ಉತ್ತರ

ಎಂಜಿನಿಯರ್ ಅವರ ಕಷ್ಟವನ್ನು ಸ್ಟೀಫನ್ ಕ್ರ್ಯಾಶನ್ ಅವರ ವಾದ ವಿವರಿಸುತ್ತದೆ. ಅರಿವಿದ್ದು ಕಲಿತ ನಿಯಮ ಬೇರೆ, ಅರ್ಥದ ಕಡೆ ಗಮನವಿಟ್ಟು ಕೇಳುತ್ತ ತಾನಾಗಿ ಮೈಗೂಡಿದ ಭಾಷೆ ಬೇರೆ; ಮೊದಲನೆಯದು ಆಡುವ ಮಾತನ್ನು ತಿದ್ದುವ ಮೇಲ್ವಿಚಾರಕನಷ್ಟೇ, ಅದಕ್ಕೂ ಯೋಚಿಸಲು ಸಮಯ ಬೇಕು ಎಂಬುದು ಅವರ ನಿಲುವು. ಅಂಗಡಿಯ ಮುಂದೆ ಆ ಸಮಯ ಯಾರಿಗಿದೆ?

ಆದರೆ ಕೇಳಿಸಿಕೊಂಡರೆ ಸಾಕು ಎಂಬಲ್ಲಿಗೆ ಹೋಗಬೇಡಿ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಕೇಳಿ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದರೂ ಅವರ ಮಾತಿನ ವ್ಯಾಕರಣ ಹಿಂದೆ ಉಳಿದಿತ್ತು. ಅದನ್ನು ಆಧರಿಸಿ 1985ರಲ್ಲಿ ಮೆರಿಲ್ ಸ್ವೇನ್, ತಾನೇ ಮಾತನಾಡುವ ಒತ್ತಾಯ ಬಿದ್ದಾಗಲೇ ಕಲಿಯುವವರ ಗಮನ ಮಾತಿನ ರೂಪದ ಕಡೆಗೂ ಹೋಗುತ್ತದೆ ಎಂದರು.

ನಮ್ಮ ಊರಿನದೇ ಒಂದು ಪ್ರಯೋಗವನ್ನು ನೆನೆಯಬೇಕು, ಏಕೆಂದರೆ ಜಗತ್ತಿನ ಭಾಷಾಬೋಧಕರು ಬಲ್ಲ ‘ಬೆಂಗಳೂರು ಪ್ರಾಜೆಕ್ಟ್’ ನಮ್ಮವರಲ್ಲೇ ಅನೇಕರಿಗೆ ಗೊತ್ತಿಲ್ಲ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣಪಾಠ ಬಿಟ್ಟು, ರೈಲಿನ ವೇಳಾಪಟ್ಟಿ ಓದಿ ಲೆಕ್ಕ ಹಾಕುವುದು, ನಕ್ಷೆ ನೋಡಿ ದಾರಿ ಹೇಳುವುದು ಮುಂತಾದ ಕೆಲಸಗಳ ಮೂಲಕವೇ ಇಂಗ್ಲಿಷ್ ಕಲಿಸಿದರು. ಮನಸ್ಸು ಅರ್ಥದಲ್ಲಿ ತೊಡಗಿದಾಗ ವ್ಯಾಕರಣ ಒಳಗೇ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. ನಂತರ ಬೆರೆಟ್ಟಾ ಮತ್ತು ಡೇವಿಸ್ ನಡೆಸಿದ ಮೌಲ್ಯಮಾಪನದ ಫಲಿತಾಂಶ ಆ ನಂಬಿಕೆಗೆ ಎಚ್ಚರಿಕೆಯ ಬೆಂಬಲ ಕೊಟ್ಟಿತು.

ಪ್ರಶ್ನೆ ಕೇಳಿದವರು

ಹ್ರಸ್ವ–ದೀರ್ಘದ ಸೂತ್ರ ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ಮನಃಪೂರ್ವಕ ಧನ್ಯವಾದಗಳು. ಅದನ್ನು ಸೆಕ್ಯುರಿಟಿಯವರಿಗೆ ನಿಯಮವಾಗಿ ಹೇಳಿಕೊಡಲೇ?

ಮೂರನೆಯ ಉತ್ತರ

ನಿಯಮವಾಗಿ ಬೇಡ ಎಂಬುದು ನನ್ನ ಅಭಿಪ್ರಾಯ. 1986ರಲ್ಲಿ ರೂಮೆಲ್‌ಹಾರ್ಟ್ ಮತ್ತು ಮೆಕ್ಲೆಲೆಂಡ್ ಕಂಪ್ಯೂಟರಿನಲ್ಲಿ ಮಿದುಳಿನ ನರಕೋಶಗಳ ಜೋಡಣೆಯನ್ನು ಅನುಕರಿಸುವ ಒಂದು ನರಜಾಲವನ್ನು ಕಟ್ಟಿ, ಇಂಗ್ಲಿಷಿನ 420 ಕ್ರಿಯಾಪದಗಳನ್ನು ಅವುಗಳ ಭೂತಕಾಲದೊಡನೆ ಉಣಿಸಿದರು. ಯಾವ ನಿಯಮವನ್ನೂ ಬರೆದಿಡದಿದ್ದರೂ ಅದು ಮಕ್ಕಳಂತೆಯೇ ‘ಕೊಡಿದೆ’ ಮಾದರಿಯ ತಪ್ಪುಗಳನ್ನು ಮಾಡಿತು. ಪಿಂಕರ್ ಮತ್ತು ಪ್ರಿನ್ಸ್ ಎರಡು ವರ್ಷಗಳ ನಂತರ ಇದನ್ನು ಕಟುವಾಗಿ ವಿಮರ್ಶಿಸಿದರು, ವಿವಾದ ಮುಗಿದಿಲ್ಲ. ಆದರೂ ಕಲಿಸುವವರಿಗೆ ಇಷ್ಟು ಉಪಯೋಗವಿದೆ: ಒಂದೇ ಅಚ್ಚಿನ ಪದಗಳು ಒತ್ತೊತ್ತಾಗಿ ಕಿವಿಗೆ ಬಿದ್ದರೆ ಅಚ್ಚು ತಾನಾಗಿ ಮೂಡುತ್ತದೆ. ಆದ್ದರಿಂದ ಕೊಟ್ಟೆ, ಬಿಟ್ಟೆ, ಇಟ್ಟೆ ಮೂರೂ ಬರಲೇಬೇಕಾದ ಸಂದರ್ಭ ಹುಡುಕಿ, ಅವರಿಂದ ಹೇಳಿಸಿ. ತಪ್ಪಿದಾಗ ಸರಿಯಾದ ರೂಪವನ್ನು ನಿಮ್ಮ ಮರುಮಾತಿನಲ್ಲಿ ಸೇರಿಸಿ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ಪ್ರತಿ ಸಂಜೆ ಗೇಟಿನ ಬಳಿ ನಿಂತು, ಆ ದಿನ ಬಂದ ಪಾರ್ಸೆಲ್‌ಗಳ ವರದಿಯನ್ನು ಅವರಿಂದ ಕೇಳತೊಡಗಿದೆ: ಯಾವುದನ್ನು ಯಾರಿಗೆ ಕೊಟ್ಟಿರಿ, ಯಾವುದನ್ನು ಎಲ್ಲಿ ಇಟ್ಟಿರಿ, ಯಾರನ್ನು ಒಳಗೆ ಬಿಟ್ಟಿರಿ. ನಿನ್ನೆ ಅವರು ‘ಇನ್ನೂರ ಮೂರಕ್ಕೆ ಕೊಡಿ…’ ಎಂದು ಅರ್ಧಕ್ಕೆ ನಿಲ್ಲಿಸಿ, ನನ್ನ ಮುಖ ನೋಡಿ ‘ಕೊಟ್ಟೆ’ ಎಂದರು. ‘ಗಾಡಿ ಇಲ್ಲ’ ಇನ್ನೂ ಹಾಗೆಯೇ ಇದೆ. ಎಂಜಿನಿಯರ್ ಅವರನ್ನೂ ಈ ವಾರದಿಂದ ಗೇಟಿಗೇ ಕರೆದಿದ್ದೇನೆ.